ಮೂರು ಬಾಗಿಲ ರಾಯಲ್ಪಾಡು

ಜರ್ಮನಿಗೆ ಹೋಗಿ ಬಂದೆನೆಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಅಲ್ಲಿ ಏನು ನೋಡಿದಿರಿ? ರಾಯಲ್ಪಾಡು ನೋಡಿದೆ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ನಮ್ಮೂರಿನ ಹೆಸರು ಬರೆದ ಮೂರು ಕಬ್ಬಿಣದ ಬಾಗಿಲುಗಳು ಆ ದೇಶದಲ್ಲಿವೆ ಎಂದರೆ ಯಾರು ತಾನೆ ನಂಬುತ್ತಾರೆ?

ರಾಯಲ್ಪಾಡು: ಗುಂಡಿಗಳು

ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿ, ಇನ್ನೊಂದಿಷ್ಟು ನಡೆದರೆ ಆಂಧ್ರ ಎನ್ನುವ ಜಾಗದಲ್ಲಿ, ನನ್ನದೊಂದು ಮಾವಿನ ಸಸಿಗಳ ನರ್ಸರಿ ಇದೆ. ಕಸಿ ಕಟ್ಟುವ ಕೆಲಸ ನಾನೇ ಮಾಡುತ್ತೇನೆ, ಬೇರೆಯವರ ಕೈ ನನಗೆ ಹಿಡಿಸುವುದಿಲ್ಲ. ಕೆಲವು ವರ್ಷದ ಕೆಳಗೆ ಜರ್ಮನಿಯ ಒಂದು ಸಂಶೋಧನಾ ಕೇಂದ್ರದವರು ನಮ್ಮಿಂದ ಬಾದಾಮಿ ಮಾವಿನ ಸಸಿ ತರಿಸಿಕೊಂಡಿದ್ದರು. ಎಲ್ಲವೂ ಒಂದೇ ಮರದ್ದಾಗಿರಬೇಕು ಎಂದಿದ್ದರು. ನಮ್ಮ ಹಿತ್ತಲಲ್ಲಿ ಅವ್ವ ನೆಟ್ಟ ಮರವಿದೆ. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತೇವೆ. ಆ ಮರದ ಕಡ್ಡಿಗಳನ್ನೇ ಕೊಯ್ದು ಕಸಿ ಕಟ್ಟಿ ಕಳಿಸಿದ್ದೆ. ಈ ವರ್ಷ ಅವರಿಂದ ಕರೆ ಬಂತು: ಗಿಡಗಳು ದೊಡ್ಡವಾಗಿವೆ, ಕಟ್ಟಿದವರೇ ಬಂದು ನೋಡಿದರೆ ಒಳ್ಳೆಯದು.

ನನ್ನ ತಂಗಿ ನಾಗವೇಣಿ ನನಗಿಂತ ಹೆಚ್ಚು ಹಿಗ್ಗಿದಳು. ಅದಕ್ಕೆ ಕಾರಣವಿತ್ತು. ಅವಳು ಇಷ್ಟು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ, ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾಳೆ. ಟೊಮೊಟೊ ಬೆಳೆಯುತ್ತಿದ್ದ ಹೊಲವನ್ನು ಪೂರ್ತಿ ಮಾವಿನ ತೋಪು ಮಾಡಬೇಕು, ಅದೂ ಅವ್ವನ ಮರದ ಸಸಿಗಳೇ ಆಗಬೇಕು ಎಂದು ಬೇಸಿಗೆಯಲ್ಲೇ ಗುಂಡಿ ತೋಡಿಸಿ ಬಿಸಿಲಿಗೆ ಬಿಟ್ಟಿದ್ದಳು. ಟೊಮೊಟೊ ಕೈಕೊಟ್ಟರೆ ಒಂದು ಬೆಳೆ ಹೋಯಿತು ಅಷ್ಟೇ. ಮಾವು ಕೈಕೊಟ್ಟರೆ ಅವಳ ಉಳಿದ ಆಯಸ್ಸೇ ಹೋಯಿತು, ಮತ್ತೆ ನೆಡುವ ವಯಸ್ಸಲ್ಲ. ಮೇಲಾಗಿ ಅವ್ವನ ಮರ ಎರಡು ವರ್ಷದಿಂದ ಸರಿಯಾಗಿ ಹೂ ಬಿಟ್ಟಿರಲಿಲ್ಲ.

"ಅವರು ಮುಂದಿನ ಕಾಲದ ಹವಾನೇ ಅಲ್ಲಿ ಮಾಡಿ ಇಟ್ಟವ್ರಂತೆ ಅಲ್ವೇನಕ್ಕಾ? ನೀನು ಕಣ್ಣಾರೆ ನೋಡ್ಕೊಂಡು ಬಾ. ಬಂದು ಹಾಕು ಅಂದ್ರೆ ಹಾಕ್ತೀನಿ, ಬೇಡ ಅಂದ್ರೆ ಬೇಡ. ಅಲ್ಲೀವರ್ಗೂ ಒಂದು ಗುಂಡೀನೂ ಮುಚ್ಚಲ್ಲ," ಎಂದಳು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಹೂ ಬಿಡದ ಮರಕ್ಕೆ ಒಂದು ಮದ್ದಿದೆ. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಒಬ್ಬರು ಕೊಡಲಿ ಎತ್ತಿಕೊಂಡು ಮರದ ಮುಂದೆ ನಿಂತು, ಕಡಿದೇಬಿಡುತ್ತೇನೆ ಎಂದು ಗದರಬೇಕು. ಇನ್ನೊಬ್ಬರು ಅಡ್ಡ ಬಂದು, ಬಿಟ್ಟುಬಿಡು, ಬರುವ ವರ್ಷ ಕಾಯಿ ಕಟ್ಟುತ್ತದೆ, ನಾನು ಜಾಮೀನು ಎನ್ನಬೇಕು. ಜಾಮೀನು ನಿಂತವರು ಆ ವರ್ಷವೆಲ್ಲ ಆ ಮರಕ್ಕೆ ನೀರು ಹೊರಬೇಕು. ಬಾಯಿಮಾತಿಗೆ ಹೇಳುವ ಹಾಗಿಲ್ಲ, ಮರಕ್ಕೆ ಗೊತ್ತಾಗುತ್ತದೆ ಎಂದು ಅವ್ವ ಕಣ್ಣು ಕೆಂಪು ಮಾಡುತ್ತಿದ್ದಳು. ಚಿಕ್ಕಂದಿನಿಂದಲೂ ಕೊಡಲಿ ನನ್ನದು, ಜಾಮೀನು ನಾಗವೇಣಿಯದು. ಅವಳ ಬಾಯಿಂದ ಆ ಮಾತು ಪಟ್ಟನೆ ಬರುತ್ತಿತ್ತು, ನಾನು ಗದರಿ ಮುಗಿಸುವ ಮುಂಚೆಯೇ.

ಹೆಲ್ಗಾ ಅವರ ಮನೆ

ಜರ್ಮನಿ ಎಂದರೆ ಚಳಿ ಎಂದು ಊರಿಗೆ ಊರೇ ಹೇಳಿ ಕಳಿಸಿತ್ತು. ಸೂಟ್‌ಕೇಸಿನ ತುಂಬ ಸ್ವೆಟರು, ಶಾಲು, ಉಣ್ಣೆಯ ಕಾಲುಚೀಲ. ರೈಲಿನಿಂದ ಇಳಿದರೆ ಮುಖಕ್ಕೆ ರಪ್ಪನೆ ಬಡಿದದ್ದು ನಮ್ಮ ಏಪ್ರಿಲ್ ತಿಂಗಳ ಬಿಸಿಲು. ನಾನು ವಿಮಾನ ಹತ್ತಿ ಅಷ್ಟು ದೂರ ಬಂದರೆ ಅದು ನನಗಿಂತ ಮುಂಚೆ ಬಂದು ಕೂತಿತ್ತು.

ನಾನು ಇಳಿದುಕೊಂಡದ್ದು ಹೆಲ್ಗಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ. ಬಹಳ ಒಳ್ಳೆಯವರು, ಆದರೆ ಮನೆಯಲ್ಲಿ ಒಂದು ಫ್ಯಾನಿಲ್ಲ. ಅವರ ತಾಯಿಯ ಕಾಲದಿಂದಲೂ ಬೇಕಾಗಿಯೇ ಇರಲಿಲ್ಲವಂತೆ, ಕೇಂದ್ರದವರು ಹೇಳಿದ್ದು. ಬೆಳಿಗ್ಗೆಯೇ ಎಲ್ಲ ಕಿಟಕಿಗಳ ಹೊರಗಿನ ಪರದೆಗಳನ್ನು ದಡದಡನೆ ಇಳಿಸಿ, ಮನೆಯನ್ನು ಕತ್ತಲು ಮಾಡಿ, ಕುರ್ಚಿಯಲ್ಲಿ ಅಲುಗಾಡದೆ ಕೂರುತ್ತಿದ್ದರು. ಮಾತಾಡಿದರೂ ಸೆಕೆ ಹೆಚ್ಚಾಗುತ್ತದೆ ಎನ್ನುವ ಹಾಗೆ.

ನನಗೆ ತಡೆಯಲಿಲ್ಲ. ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ ಮಾಡುವ ಹಾಗೆ ಒಂದು ಬಕೆಟ್ ನೀರು ತಂದು ಕೋಣೆಯ ನೆಲಕ್ಕೆ ಚೆಲ್ಲಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಕೈಯಲ್ಲೇ ಸವರಿಬಿಟ್ಟೆ. ನೆಲ ಮರದ್ದು. ನೀರು ಹಲಗೆಗಳ ಸಂದಿನಲ್ಲಿ ಇಳಿದು ಕೆಳಗೆ ಕೂತಿದ್ದ ಹೆಲ್ಗಾ ಅವರ ನೆತ್ತಿಯ ಮೇಲೆ ತೊಟ್ಟಿಕ್ಕಿತು. ಅವರು ಮಹಡಿ ಹತ್ತಿ ಬಂದರು. ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬಕೆಟ್ ಹಿಡಿದಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವರು ಒದ್ದೆ ನೆಲದ ಮೇಲೆ ಬರಿಗಾಲಿಟ್ಟು, ಆ ತಂಪಿನಲ್ಲೇ ನಾಲ್ಕು ಹೆಜ್ಜೆ ನಡೆದು, ಆಮೇಲೆ ಬಟ್ಟೆ ತಂದು ಒರೆಸಿದರು.

ಮಧ್ಯಾಹ್ನ ಕೊಡೆ ಹಿಡಿದು ಕೇಂದ್ರಕ್ಕೆ ಹೊರಟೆ. ಮಳೆಯಿಲ್ಲದೆ ಕೊಡೆ ಹಿಡಿದವರನ್ನು ಅಲ್ಲಿ ಯಾರೂ ನೋಡಿರಲಿಲ್ಲವೇನೋ, ನಾಯಿ ಕೂಡ ತಿರುಗಿ ನೋಡಿತು. ಬೀದಿಯಲ್ಲಿ ಸದ್ದೇ ಇಲ್ಲ. ರಸ್ತೆ ದಾಟುವ ಕಡೆ ನಾಲ್ಕೈದು ಜನ ನಿಂತಿದ್ದರು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ವಾಹನವಿಲ್ಲ. ಆದರೂ ಎದುರಿನ ದೀಪ ಕೆಂಪಾಗಿದೆ ಎಂದು ಅವರೆಲ್ಲ ಸುಡುಬಿಸಿಲಲ್ಲಿ ಬೆವರುತ್ತ, ಒಬ್ಬರ ಮುಖ ಒಬ್ಬರು ನೋಡದೆ ನಿಂತೇ ಇದ್ದರು. ನಮ್ಮ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಾದರೆ ಇಷ್ಟು ಹೊತ್ತಿಗೆ ಯಾರೋ ಒಬ್ಬರು ಸರ್ಕಾರವನ್ನು, ಇನ್ನೊಬ್ಬರು ಸೂರ್ಯನನ್ನು ಬೈದಿರುತ್ತಿದ್ದರು. ಇಲ್ಲಿ ಬೈಯುವವರಿಲ್ಲ. ಅದೇ ನನಗೆ ಭಯ ತರಿಸಿತು. ನಾನೂ ಅವರ ಪಕ್ಕದಲ್ಲಿ ಹೋಗಿ ನಿಂತೆ.

ಮೊದಲ ಬಾಗಿಲು

ಸಂಶೋಧನಾ ಕೇಂದ್ರದಲ್ಲಿ ನನ್ನನ್ನು ಎದುರುಗೊಂಡವಳು ಸುನೀತಾ. ಹುಟ್ಟಿದ್ದು ನಮ್ಮ ಗಡಿಯಾಚೆಯ ಮದನಪಲ್ಲಿ, ಓದಿದ್ದು ಕೋಲಾರ. ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುತ್ತಾಳೆ, ನಮ್ಮ ಹಾಗೆಯೇ. ನನ್ನನ್ನು ನೋಡಿದ ಕೂಡಲೇ ಅವಳು ಕೇಳಿದ್ದು, "ಉಪ್ಪಿನಕಾಯಿ ತಂದ್ರಾ ಅಕ್ಕಾ?" ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು ಎಂದೆ. ನಾನು ಬಂದೆನೆಂಬ ಅವಳ ಸಂತೋಷದಲ್ಲಿ ಅರ್ಧ ಅಲ್ಲೇ ಇಳಿದುಹೋಯಿತು.

ನೆಲಮಾಳಿಗೆಯ ಉದ್ದನೆಯ ಓಣಿಯಲ್ಲಿ ಮೂರು ಕಬ್ಬಿಣದ ಬಾಗಿಲುಗಳಿದ್ದವು. ಮೂರರ ಮೇಲೂ ರಾಯಲ್ಪಾಡು ಎಂದು ಇಂಗ್ಲಿಷಿನಲ್ಲಿ ಬರೆದು ಒಂದು, ಎರಡು, ಮೂರು ಎಂದು ಅಂಟಿಸಿದ್ದರು. ನಮ್ಮ ಊರಿನ ಬಸ್ಸಿನ ಮೇಲೆ ಕೂಡ ಇಷ್ಟು ಅಂದವಾಗಿ ಬರೆದಿರುವುದಿಲ್ಲ.

"ಮೂರರಲ್ಲೂ ನಿಮ್ಮ ಅವ್ವನ ಮರಾನೇ ಅದೆ ಅಕ್ಕಾ," ಎಂದು ಸುನೀತಾ ಬಿಡಿಸಿ ಹೇಳಿದಳು. "ಮೂರರಲ್ಲೂ ಈಗ ಜನವರಿ ತಿಂಗಳು, ರಾತ್ರಿ. ಹವಾ ಮಾತ್ರ ಬೇರೆ ಬೇರೆ. ಒಂದನೇದು, ನಾವ್ಯಾರೂ ಕಲ್ಲಿದ್ದಲು ಪೆಟ್ರೋಲು ಸುಡದೇ ಇದ್ದಿದ್ರೆ ಇವತ್ತು ರಾಯಲ್ಪಾಡು ಹೆಂಗಿರ್ತಿತ್ತೋ ಅದು. ಎರಡನೇದು ಈಗಿಂದು. ಮೂರನೇದು, ಹಿಂಗೇ ಸುಡ್ತಾ ಹೋದ್ರೆ ಈಗಿನ ಮಕ್ಕಳು ಮುದುಕರಾಗೋ ಹೊತ್ತಿಗೆ ಬರೋದು."

"ಮುಂದಿನದು ನಿಮಗೆ ಹೆಂಗಮ್ಮಾ ಗೊತ್ತು?"

"ಗೊತ್ತಿಲ್ಲ. ಲೆಕ್ಕ ಹಾಕ್ತೀವಿ. ಇಷ್ಟು ಹೊಗೆ ಹೋದ್ರೆ ಇಷ್ಟು ಕಾವು ಅಂತ. ಒಂದ್ಸಲ ಅಲ್ಲ, ಮೇಲಿಂದ ಮೇಲೆ ಹಾಕಿ ನೋಡ್ತೀವಿ. ಜಾಸ್ತಿ ಸಲ ಯಾವುದು ಬರ್ತದೋ ಅದನ್ನ ಈ ರೂಮಿಗೆ ಕೊಡ್ತೀವಿ."

ಅವಳು ಮೊದಲ ಬಾಗಿಲು ತೆಗೆದಳು. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಗಾಢ ಕತ್ತಲು. ಅವಳ ಕೈಯಲ್ಲಿ ಹಸಿರು ಬೆಳಕಿನ ಸಣ್ಣ ಟಾರ್ಚಿತ್ತು. ಹಸಿರು ಬೆಳಕಾದರೆ ಗಿಡಕ್ಕೆ ಎಚ್ಚರವಾಗುವುದಿಲ್ಲವಂತೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಕೇಂದ್ರದವರು ಹೇಳಿದ್ದರೆಂದು ಚೀಲದಲ್ಲಿಟ್ಟಿದ್ದ ಸ್ವೆಟರು ತೆಗೆದು ಹಾಕಿಕೊಂಡೆ. ಜರ್ಮನಿಯ ಚಳಿಗೆಂದು ಹೊತ್ತು ತಂದ ಸ್ವೆಟರು ಕೊನೆಗೆ ರಾಯಲ್ಪಾಡಿನ ಚಳಿಗೆ ಬೇಕಾಯಿತು.

ಆಮೇಲೆ ಮೂಗಿಗೆ ಆ ವಾಸನೆ ಬಂತು. ಮಾವಿನ ಹೂವಿನ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಜೇನು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಕದ ತೆಗೆದರೆ ಮನೆಯೊಳಕ್ಕೆ ನುಗ್ಗುತ್ತಿದ್ದ ವಾಸನೆ. ಗಿಡಗಳ ತುಂಬ ಹೂಗೊಂಚಲು, ಎಲೆ ಕಾಣದಷ್ಟು. ಕೈ ಮುಗಿದುಬಿಟ್ಟೆ.

"ಮಾವಿಗೆ ರಾತ್ರಿ ಚಳಿ ಹತ್ತಬೇಕು, ಆಗಲೇ ಹೂ," ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ಹೂಂ. ಹಗಲೆಲ್ಲಾ ಕಾದ ನೆಲ ರಾತ್ರಿ ಆ ಕಾವನ್ನ ಆಕಾಶಕ್ಕೆ ಬಿಟ್ಟುಬಿಡ್ಬೇಕು. ಈಗ ನಾವು ಸುಟ್ಟ ಹೊಗೆ ಮೇಲ್ಗಡೆ ಮುಚ್ಚಳದ ಥರ ಕೂತಿರ್ತದೆ. ಬಿಡಕ್ಕೆ ಬಿಡಲ್ಲ. ಅದಕ್ಕೇ ಹಗಲಿಗಿಂತ ರಾತ್ರಿ ಕೆಡ್ತಾ ಬಂದಿರೋದು."

ಹೊರಗೆ ಬರಲು ನನಗೆ ಮನಸ್ಸೇ ಇರಲಿಲ್ಲ. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅಷ್ಟು ಹೂವಿದ್ದರೂ ಒಂದು ನೊಣವಿಲ್ಲ, ಒಂದು ಜಿಗಿಹುಳುವಿಲ್ಲ, ಎಲ್ಲೂ ಒಂದು ಜೀರುಂಡೆಯ ಸದ್ದಿಲ್ಲ. ಇಂಥ ರಾಯಲ್ಪಾಡು ಭೂಮಿಯ ಮೇಲೆ ಎಲ್ಲೂ ಇಲ್ಲ ಎಂಬುದು ಆಗ ಹೊಳೆಯಿತು. ನಡೆಯದೇ ಹೋದ ಒಂದು ಜನವರಿ ರಾತ್ರಿಯಲ್ಲಿ ನಾನು ಸ್ವೆಟರು ಹಾಕಿಕೊಂಡು ನಿಂತಿದ್ದೆ.

ಎರಡನೆಯ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ಕೆಲವು ಕೊಂಬೆಯಲ್ಲಿ ಹೂ, ಕೆಲವು ಕೊಂಬೆಯಲ್ಲಿ ಬರೀ ಚಿಗುರು. ಅದು ನಮ್ಮ ಮನೆಯ ಹಿತ್ತಲೇ, ದಿನಾ ನೋಡುವುದೇ.

ಮೂರನೆಯ ಬಾಗಿಲು

ಮೂರನೆಯ ಬಾಗಿಲ ಮುಂದೆ ಸುನೀತಾ ನಿಂತಳು. "ಇಲ್ಲಿ ಜಾಸ್ತಿ ಹೊತ್ತು ಬೇಡ ಅಕ್ಕಾ. ತಲೆ ತಿರುಗಿದ್ರೆ ಹೇಳಿ."

ಕತ್ತಲ ತೋಪಿಗೆ ಕಾಲಿಡುವ ಮುಂಚೆ ನಾವು ಒಂದು ಕೂಗು ಹಾಕುತ್ತೇವೆ. ಕಾವಲುಗಾರನಿಗೂ ಹಾವಿಗೂ ಗೊತ್ತಾಗಲಿ ಎಂದು. ಅಭ್ಯಾಸಬಲದಿಂದ ಬಾಯಿಗೆ ಬಂತು: "ಎವರ್ರಾ ಅಕ್ಕಡಾ?" ಯಾರೋ ಅಲ್ಲಿ ಎಂದು. ಗೋಡೆಗಳಿಗೆ ಏನೋ ಮೆತ್ತನೆಯದು ಹೊದಿಸಿದ್ದರು. ನನ್ನ ಕೂಗು ಬಾಯಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಒಳಗೆ ಬಾಣಂತಿ ಕೋಣೆಯಂಥ ಸೆಕೆ. ಬೆವರು ಬಂತು, ಆದರೆ ಆರಲಿಲ್ಲ. ಇದು ಜನವರಿ ಎಂದು ನನಗೆ ನಾನೇ ಹೇಳಿಕೊಂಡೆ, ನಮ್ಮೂರಿನ ಜನವರಿ, ರಾತ್ರಿ. ಟಾರ್ಚಿನ ಬೆಳಕು ಗಿಡಗಳ ಮೇಲೆ ಬಿತ್ತು. ಸೊರಗಿದ ಕಡ್ಡಿಗಳನ್ನು ನೋಡಲು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಗಿಡಗಳು ಸೊಂಪಾಗಿದ್ದವು! ಮೂರು ಕೋಣೆಗಳಲ್ಲಿ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ದಟ್ಟ. ತುದಿ ತುದಿಗೂ ಕೈಯಗಲ ಚಿಗುರೆಲೆ. ಹೂ ಮಾತ್ರ ಒಂದೂ ಇಲ್ಲ. ಯಂತ್ರದ ಗಾಳಿಗೆ ಅಷ್ಟೂ ಎಲೆಗಳು ಒಂದೇ ಕಡೆಗೆ ವಾಲಿ, ಒಟ್ಟಿಗೆ ನಿಂತು, ಮತ್ತೆ ಒಂದೇ ಕಡೆಗೆ ವಾಲುತ್ತಿದ್ದವು.

"ಒಂದ್ಸಲಾನೂ ಹೂ ಬಂದಿಲ್ವಾ?"

"ಇಲ್ಲ. ಬರೇ ಚಿಗುರ್ತದೆ. ಅದಕ್ಕೆ ಚಳಿಗಾಲ ಬಂದಿದ್ದೇ ಗೊತ್ತಾಗಿಲ್ಲ."

ಬುಡಗಳನ್ನು ಮುಟ್ಟಿ ನೋಡಿದೆ. ಕಸಿ ಕಟ್ಟಿದ ಜಾಗದ ಗಂಟು ಬೆರಳಿಗೆ ಸಿಕ್ಕಿತು, ನನ್ನ ಕೈಯದೇ ಗಂಟು. ಇದು ಅವ್ವನ ಮರ. ತನ್ನ ಹೂವಿನ ಕಾಲ ಯಾವುದೆಂದು ತಿಳಿಯದೆ, ಕಾಯುತ್ತಲೇ ಬೆಳೆಯುತ್ತಿತ್ತು. ಊರಿನಲ್ಲಿ ನಾಗವೇಣಿಯ ಗುಂಡಿಗಳು ಬಾಯಿ ತೆರೆದು ಬಿದ್ದಿರುವುದು ನೆನಪಾಯಿತು.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮುಂಚೆಯೇ ನನ್ನ ಕೈ ಮಡಚಿದ ಕೊಡೆಯನ್ನು ಎತ್ತಿತ್ತು, ಕೊಡಲಿ ಎತ್ತುವ ಹಾಗೆ. "ಹೂ ಬಿಡಲ್ವಾ ನೀನು? ಇಷ್ಟು ವರ್ಷ ಸಾಕಿದ್ದು ಬರೇ ಎಲೆ ನೋಡಕ್ಕಾ? ಕಡಿದೇಬಿಡ್ತೀನಿ ನೋಡು!" ಎಂದು ಗದರಿದೆ.

ಸುನೀತಾ ನಗಲಿಲ್ಲ. ಮದನಪಲ್ಲಿಯ ಹುಡುಗಿ, ಅವಳಿಗೂ ಗೊತ್ತಿತ್ತು. "ನಮ್ಮ ಅವ್ವಾನೂ ಮಾಡ್ತಿದ್ಲು," ಎಂದಳು ಮೆಲ್ಲಗೆ. "ವದಿಲೇಯಮ್ಮಾ, ವಚ್ಚೇ ಏಡು ಕಾಸ್ತುಂದಿ ಅಂತ ನಾನೇ ಹೇಳ್ತಿದ್ದೆ." ಬಿಟ್ಟುಬಿಡಮ್ಮ, ಬರುವ ವರ್ಷ ಕಾಯಿ ಬಿಡುತ್ತದೆ ಎಂದು.

"ಹಂಗಾದ್ರೆ ಈಗ್ಲೂ ಹೇಳು."

ಅವಳು ಬಾಯಿ ತೆರೆದಳು. ಗಿಡಗಳ ಕಡೆ ನೋಡಿದಳು. ಹಸಿರು ಬೆಳಕಿನಲ್ಲಿ ಅವಳ ಮುಖ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಕೊಡೆ ಹಿಡಿದ ನನ್ನ ತೋಳು ನೋಯತೊಡಗಿತು.

"ಬೇರೆ ಏನಾದ್ರೂ ಕೇಳಿ ಅಕ್ಕಾ," ಎಂದಳು ಕೊನೆಗೆ. "ಈ ಗಿಡಕ್ಕೆ ನಾನು ಜಾಮೀನು ನಿಲ್ಲಕ್ಕಾಗಲ್ಲ. ಇದರ ಬರೋ ವರ್ಷ ಹೆಂಗಿರ್ತದೆ ಅಂತ ಲೆಕ್ಕ ಹಾಕಿ ಈ ರೂಮಿನ ಯಂತ್ರಕ್ಕೆ ಕೊಟ್ಟಿರೋಳು ನಾನೇ."

ಓಣಿಗೆ ಬಂದ ಮೇಲೆ ಇಬ್ಬರೂ ನೀರು ಕುಡಿದೆವು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಆಮೇಲೆ ಇಳಿಯಿತು. ಸುಳ್ಳು ಹೇಳಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು.

"ಆ ಮೂರನೇ ರೂಮು ಬಂದೇ ಬರ್ತದಾ?" ಎಂದು ಕೇಳಿದೆ.

"ಬರಲೇಬೇಕು ಅಂತಿಲ್ಲ. ಹೊಗೆ ಕಡಿಮೆ ಆದ್ರೆ ಅದು ಎರಡನೇ ರೂಮಿನ ಹತ್ರ ಹತ್ರಕ್ಕೆ ನಿಂತುಬಿಡಬಹುದು. ಎಷ್ಟು ಸುಡ್ತೀವಿ ಅನ್ನೋದರ ಮೇಲೆ. ಆದ್ರೆ ಒಂದನೇ ರೂಮಿಗೆ ಮಾತ್ರ ಇನ್ನು ಯಾರೂ ವಾಪಸ್ ಹೋಗಕ್ಕಾಗಲ್ಲ ಅಕ್ಕಾ."

ಸಂಜೆ ನಾಗವೇಣಿಯ ಫೋನು. "ಏನಕ್ಕಾ, ಗಿಡ ಹೆಂಗವೆ?" ಚೆನ್ನಾಗಿವೆ, ಸೊಂಪಾಗಿವೆ ಎಂದೆ. ಅದು ಸುಳ್ಳಲ್ಲ. ಉಳಿದದ್ದು ಬಂದು ಹೇಳ್ತೀನಿ ಎಂದು ಇಟ್ಟುಬಿಟ್ಟೆ.

ಹೊರಡುವ ದಿನ

ಬಿಸಿಲು ಮುರಿದದ್ದು ನಾನು ಹೊರಡುವ ದಿನ. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು, ಆಮೇಲೆ ಒಂದು ತಿಂಗಳ ಮಳೆ ಒಂದೇ ಏಟಿಗೆ ಬಿದ್ದ ಹಾಗೆ ಸುರಿಯಿತು. ಕಾದ ಗಾಳಿ ಹೆಚ್ಚು ನೀರು ಹೀರಿಟ್ಟುಕೊಳ್ಳುತ್ತದೆ, ನೆಲವನ್ನು ಒಣಗಿಸುವುದೂ ಅದೇ, ತಡೆಯಲಾರದೆ ಒಮ್ಮೆಲೇ ಸುರಿಯುವುದೂ ಅದೇ ಎಂದು ಸುನೀತಾ ಹೇಳಿದ್ದು ಕಣ್ಣೆದುರೇ ನಡೆಯಿತು. ಒಂದು ಕಾರ್ತಿಕದಲ್ಲಿ ನಮ್ಮ ಕಡೆಯ ದೇವರಾಯಸಮುದ್ರದ ಕೆರೆ ಕೋಡಿ ಹರಿದಾಗ, ಅಷ್ಟು ವರ್ಷ ಒಣಗಿ ಬಿದ್ದಿದ್ದ ಕೆರೆ ಹೀಗೂ ಮೊರೆಯುತ್ತದೆಯೇ ಎಂದು ದಂಡೆಯ ಮೇಲೆ ನಿಂತು ನೋಡಿದ್ದೆ. ಅದೇ ಮೊರೆತ ಹೆಲ್ಗಾ ಅವರ ಬೀದಿಯಲ್ಲಿ.

ಅವರ ನೆಲಮಾಳಿಗೆಗೆ ನೀರು ನುಗ್ಗಿತು. ಇಬ್ಬರೂ ಮೊಳಕಾಲುದ್ದ ನೀರಿನಲ್ಲಿ ನಿಂತು, ನಾನು ನೆಲಕ್ಕೆ ನೀರು ಚೆಲ್ಲಿದ್ದ ಅದೇ ಬಕೆಟ್ಟಿನಿಂದ ಮೊಗೆದು ಮೊಗೆದು ಹಾಕಿದೆವು. ಕಳಿಸಿಕೊಡುವಾಗ ಅವರು ನನ್ನ ಕೈಗಳನ್ನು ಹಿಡಿದುಕೊಂಡು ಏನೋ ಕೇಳಿದರು. ನನಗೆ ಅವರ ಭಾಷೆ ಬರುವುದಿಲ್ಲ. ನಿಮ್ಮ ಕಡೆಯೂ ಹೀಗೇನಾ ಎಂದಿರಬೇಕು ಎಂದುಕೊಂಡು, ಹೌದು ಎಂದು ತಲೆಯಾಡಿಸಿದೆ.

ಮತ್ತೆ ರಾಯಲ್ಪಾಡು

ಊರಿಗೆ ಬಂದವಳು ಮುಖ ತೊಳೆಯುವ ಮುಂಚೆ ನಾಗವೇಣಿಯ ಹೊಲಕ್ಕೆ ಹೋದೆ. ಗುಂಡಿಗಳ ನಡುವೆ ಕೂತು ಮೂರೂ ಬಾಗಿಲುಗಳ ಕತೆ ಬಿಡದೆ ಹೇಳಿದೆ. ಅವಳು ಒಂದು ಮಣ್ಣಿನ ಹೆಂಟೆಯನ್ನು ಪುಡಿ ಮಾಡುತ್ತ ಕೇಳಿಸಿಕೊಂಡಳು.

"ಹಾಕ್ಲಾ ಬೇಡ್ವಾ? ಅದೊಂದು ಹೇಳು."

"ಅವ್ವನ ಮರದ್ದು ಬೇಡ ಕಣೇ," ಎಂದೆ. ಹೇಳಿದ ಕೂಡಲೇ ನನಗೆ ಅಳು ಬಂತು. ಅವಳು ಅಳಲಿಲ್ಲ. ಮಾತು ಕೊಟ್ಟಂತೆ ಗುಂಡಿಗಳಿಗೆ ನೇರಳೆ, ಹುಣಸೆ, ಸೀತಾಫಲ ಹಾಕಿದಳು. ಹೊಲದ ಬಾವಿಯ ಪಕ್ಕದ ಒಂದೇ ಒಂದು ಗುಂಡಿಯನ್ನು ಬಿಟ್ಟುಕೊಂಡಳು. ಅದರಲ್ಲಿ ಏನು ಹಾಕಿದಳೆಂದು ನಾನು ಕೇಳಲಿಲ್ಲ, ಸಸಿ ನನ್ನ ನರ್ಸರಿಯಿಂದಲೇ ಹೋಗಿತ್ತು.

ಈ ಸಂಕ್ರಾಂತಿಗೆ ಇಬ್ಬನಿ ಬೀಳಲಿಲ್ಲ. ಹಬ್ಬದ ಹಿಂದಿನ ದಿನ ನಸುಕಿನಲ್ಲಿ ಹಚ್ಚುವ ಭೋಗಿಯ ಬೆಂಕಿಯ ಹತ್ತಿರ ಯಾರೂ ಒತ್ತರಿಸಿ ನಿಲ್ಲಲಿಲ್ಲ, ಸೆಕೆ ಎಂದು ದೂರ ಸರಿದರು. ಹಬ್ಬದ ಮಾರನೆಯ ಬೆಳಿಗ್ಗೆ ಕೊಡಲಿ ಹಿಡಿದು ಅವ್ವನ ಮರದ ಮುಂದೆ ಹೋದೆ. ಹೂವಿಲ್ಲ. ತುದಿ ತುದಿಗೂ ಕೈಯಗಲದ ಚಿಗುರು, ಸೊಂಪಾಗಿ. ಗಾಳಿ ಬೀಸಿತು, ಎಲೆಗಳು ಒಂದೇ ಕಡೆಗೆ ವಾಲಿದವು. ನನ್ನ ಕುತ್ತಿಗೆಯ ಬೆವರು ಆರದೆ ಹಾಗೇ ನಿಂತಿತ್ತು.

"ಕಡಿದೇಬಿಡ್ತೀನಿ," ಎಂದು ಕೊಡಲಿ ಎತ್ತಿದೆ.

ನಾಗವೇಣಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಚಿಕ್ಕಂದಿನಿಂದ ಪಟ್ಟನೆ ಬರುತ್ತಿದ್ದ ಮಾತು ಈ ಸಲ ಬರಲಿಲ್ಲ. ಮರದ ತುದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲವನ್ನೂ ಹೇಳಿ ಅವಳ ಬಾಯಿ ಕಟ್ಟಿದವಳು ನಾನೇ. ಕೊಡಲಿ ನನ್ನ ತಲೆಯ ಮೇಲೆ ಎತ್ತಿದಂತೆಯೇ ಇತ್ತು, ಇಳಿಸು ಎನ್ನುವವರು ಯಾರೂ ಇರಲಿಲ್ಲ.

ಅವಳು ತಿರುಗಿ ಹೊರಟಳು. ಮನೆಗೆ ಹೋದಳು ಎಂದುಕೊಂಡೆ. ಹಿತ್ತಲ ಬಾವಿಯ ಹತ್ತಿರ ಬಿಂದಿಗೆಯ ಸದ್ದು ಕೇಳಿಸಿತು. ಸೊಂಟದ ಮೇಲೆ ನೀರು ಹೊತ್ತು ಬಂದವಳು ಅವ್ವನ ಮರದ ಬುಡಕ್ಕೆ ಸುತ್ತಲೂ ಸುರಿದಳು. ಜಾಮೀನಿನ ಮಾತು ಕೊಡಲಿಲ್ಲ, ಜಾಮೀನಿನ ನೀರು ಮಾತ್ರ ಹಾಕಿದಳು. ನಾನು ಕೊಡಲಿಯನ್ನು ಗೋಡೆಗೆ ಒರಗಿಸಿ, ಇನ್ನೊಂದು ಬಿಂದಿಗೆ ತೆಗೆದುಕೊಂಡು ಬಾವಿಯ ಕಡೆ ಹೋದೆ.